ಪ್ರಶಸ್ತಿ ಬಂದದ ಅಂದ್ರ, ಯಾರು ಕೊಟ್ರು ಅಂತ ಕೇಳ್ರಿ

ಹೋದ ಸಲ ಮೆಂತೇದ ಹಿಟ್ಟಿನ ಬಗ್ಗೆ ಬರದಾಗ "ಇನ್ನೊಂದು ಅಡಗೀದು ಬರೀರಿ" ಅಂತ ಭಾಳ ಮಂದಿ ಅಂದ್ರಿ. ಈ ಸಲದ್ದು ಅಡಗೀದಲ್ಲ. ಆದ್ರ ನಮ್ಮ ಮನೀದಂತೂ ಹೌದು. ಇಂಗ್ಲೀಷಿನಾಗ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಅಂತ ಪುಸ್ತಕ ಬರ್ತಾವಲ್ಲ, ಮುಂದಿನ ಕಾಲದ ಕತಿ, ಮಾಟಾ ಮಂತ್ರದ ಕತಿ, ಬ್ಯಾರೆ ಗ್ರಹದವರ ಕತಿ, ಅವಕ್ಕ ಕೊಡೋ ಪ್ರಶಸ್ತಿ ಬಗ್ಗೆ ಬರೀಲಿಕತ್ತೇನಿ. ಪಿಯುಸಿ ಓದಿದಾಕಿಗೆ ಇದ್ಯಾಕ ಬೇಕಾಗಿತ್ತು ಅಂತೀರೇನು? ಹೇಳ್ತೀನಿ, ಚಹಾ ಕುಡಕೋತ ಓದ್ರಿ.

ನಮ್ಮ ಮಗಳು ಬೆಂಗಳೂರಾಗ ನೌಕರಿ ಮಾಡ್ತಾಳ ಅನ್ನೋದು ನಿಮಗೆಲ್ಲಾ ಗೊತ್ತದ. ರಾತ್ರಿ ಕೂತು ಕತಿ ಬರೀತಾಳ ಅನ್ನೋದು ಗೊತ್ತಿರಲಿಕ್ಕಿಲ್ಲ. ಮೂರು ವರ್ಷದ ಹಿಂದ ಒಂದು ಕತಿ ಶುರು ಮಾಡಿದ್ಲು. ನೂರು ವರ್ಷ ಮುಂದಿನ ಕಾಲ, ಊರಾಗ ಮಳಿ ಅನ್ನೋದ ಇಲ್ಲ, ಬೀಜಾ ಮನ್ಯಾಗ ಇಟ್ಕೊಳ್ಳೋದ ಅಪರಾಧ. ಅಂಥಾದ್ರಾಗ ಒಬ್ಬಾಕಿ ಅಜ್ಜಿ ದೇವರ ಮನ್ಯಾಗ, ಹಿತ್ತಾಳಿ ಡಬ್ಬಿಯೊಳಗ, ಅರಿಶಿಣದ ಪುಡಿ ಕೆಳಗ ಜ್ವಾಳದ ಬೀಜಾ ಮುಚ್ಚಿಟ್ಟಿರ್ತಾಳ. ಓದಿ ಹೇಳಿದಾಗ ನಂಗ ಮೈ ಝುಂ ಅಂದಿತ್ತು. ನಮ್ಮ ಅತ್ತಿಯವರ ಡಬ್ಬಿ ಅದು, ನಿಮಗೂ ನೆನಪಿರಬೇಕು.

ಹೋದ ತಿಂಗಳು ಬಂದಾಗ ತಿದ್ದಿದ ಹೊಸಾ ಪ್ರತಿ ಓದಿದ್ಲು. ಅಜ್ಜಿನ ಇಲ್ಲ! ಡಬ್ಬಿನೂ ಇಲ್ಲ. ಅಜ್ಜಿ ಜಾಗಾದಾಗ ಯಾವನೋ ಒಬ್ಬ ವಿಜ್ಞಾನಿ, ಬೀಜದ ಜಾಗಾದಾಗ ಒಂದು ಚಿಪ್ಪು. "ಅಜ್ಜಿ ಎಲ್ಲೆ ಹೋದ್ಲು ಪುಟ್ಟಿ?" ಅಂತ ಕೇಳಿದೆ. "ತಗದೆ ಅಮ್ಮಾ. ಎರಡು ವರ್ಷ ಪ್ರಶಸ್ತಿ ಬಂದ ಪುಸ್ತಕಾನ ಓದಿದೆ. ಹಿಂಗ ಮನಿ, ಅಜ್ಜಿ, ಅರಿಶಿಣ ಅಂತ ಅಲ್ಲೆ ಯಾರೂ ಬರಿಯಂಗಿಲ್ಲ. ಅದು ಕ್ವಾಲಿಟಿ ಅಂತ ಆಗಂಗಿಲ್ಲ" ಅಂದ್ಲು.

ನಂಗ ಸಿಟ್ಟು ಬಂತೋ ದುಃಖ ಬಂತೋ ಹೇಳ್ಲಿಕ್ಕೆ ಬರಂಗಿಲ್ಲ. ಆದ್ರ ಒಂದು ಮಾತು ಕೇಳಿದೆ: "ಆ ಪ್ರಶಸ್ತಿ ಕೊಡೋರು ಯಾರು?" ಎರಡು ದಿನ ಮೆಂತೆ ಪಲ್ಯಾ ಸೋಸ್ಕೋತ, ಅರಿವಿ ಮಡಚ್ಕೋತ ಆಕಿ ಹೇಳಿದ್ಲು, ನಾ ಕೇಳಿದೆ. ಆಮ್ಯಾಲೆ ನಾನೂ ಡಿಕ್ಷನರಿ ಹಚ್ಕೊಂಡು ಒಂದಿಷ್ಟು ಓದಿದೆ. ಕೇಳಿದ ಮ್ಯಾಲೆ ನಂಗ ಅನ್ನಿಸಿದ್ದು ಏನಂದ್ರ, ಈ ಪ್ರಶಸ್ತಿಗೋಳು ಆ ವರ್ಷ ಕೋಣ್ಯಾಗ ಯಾರು ಕೂತಿದ್ರು ಅನ್ನೋದನ್ನ ಖರೇ ಹೇಳ್ತಾವ. ಪುಸ್ತಕ ಎಷ್ಟು ಛಲೋ ಅನ್ನೋದನ್ನ ಒಮ್ಮೊಮ್ಮೆ ಅಷ್ಟ ಹೇಳ್ತಾವ.

ಇದ್ರಾಗ ದೊಡ್ಡದು ಹ್ಯೂಗೋ ಪ್ರಶಸ್ತಿ. ಹ್ಯೂಗೋ ಗರ್ನ್ಸ್‌ಬ್ಯಾಕ್ ಅಂತ ಪತ್ರಿಕಾ ಸಂಪಾದಕ ಇದ್ದ, ಅವನ ಹೆಸರು ಅದಕ್ಕ. 1953 ರಾಗ ಅಮೇರಿಕಾದ ಫಿಲಡೆಲ್ಫಿಯಾದಾಗ ಮೊದಲನೇ ಸಲ ಕೊಟ್ರು. ರೊಕ್ಕಾ ಏನೂ ಇಲ್ಲ, ಒಂದು ರಾಕೆಟ್ಟಿನ ಗೊಂಬಿ ಕೊಡ್ತಾರ. ಇದನ್ನ ಪಂಡಿತರು ಕೂತು ಕೊಡಂಗಿಲ್ಲ. ವರ್ಲ್ಡ್‌ಕಾನ್ ಅಂತ ವರ್ಷಕ್ಕೊಮ್ಮೆ ಓದುಗರ ಜಾತ್ರಿ ಆಗ್ತದ, ಅದರ ಸದಸ್ಯತ್ವಕ್ಕ ರೊಕ್ಕಾ ತುಂಬಿದವರು ಯಾರ ಇರಲಿ, ಓಟ್ ಹಾಕಬಹುದು. 2015 ರಾಗ 40 ಡಾಲರ್ ತುಂಬಿದ್ರ ಮನ್ಯಾಗ ಕೂತ ಓಟ್ ಹಾಕ್ಲಿಕ್ಕೆ ಬರ್ತಿತ್ತು.

ಇಷ್ಟು ಕೇಳೋದ್ರಾಗ ನಂಗ ನಾವು ಹಿಂದ ಇದ್ದ ಓಣಿ ರಂಗೋಲಿ ಸ್ಪರ್ಧಾ ನೆನಪಾತು. ಯಾವ ಓಣಿ ಅಂತ ಹೇಳಂಗಿಲ್ಲ, ಓದೋರೊಳಗ ಅಲ್ಲಿಯವರೂ ಇದ್ದೀರಿ. ಮೊದಲನೇ ವರ್ಷ ಎಲ್ಲಾರೂ ಚೀಟಿ ಹಾಕೋದು ಅಂತ ಆತು. ಒಬ್ಬಾಕಿ ತವರುಮನಿಯವರನ್ನ ಹದಿನಾಲ್ಕು ಮಂದಿ ಟೆಂಪೋದಾಗ ಕರ್ಕೊಂಡು ಬಂದ್ಲು. ಗೆದ್ದಾಕಿ ಯಾರು ಅಂತ ಬ್ಯಾರೆ ಹೇಳಬೇಕೇನು? ಗಲಾಟೆ ಆತು ಅಂತ ಮುಂದಿನ ವರ್ಷ ಒಬ್ಬರು ಡ್ರಾಯಿಂಗ್ ಮಾಸ್ತರನ್ನ ಜಡ್ಜ್ ಅಂತ ಕರಸಿದ್ರು. ಅವರು ಬಣ್ಣದಾಗ ನವಿಲು ಬಿಡಿಸಿದ್ದಕ್ಕ ಮೊದಲನೇದು ಕೊಟ್ರು. ಇಪ್ಪತ್ತೊಂದು ಚುಕ್ಕಿ ಇಟ್ಟು, ಒಂದು ಎಳಿ ತಪ್ಪದಂಗ ಹಾಕಿದ ಮುದುಕಿ ರಂಗೋಲಿ ಅವರ ಕಣ್ಣಿಗೆ ಬೀಳಲೇ ಇಲ್ಲ. ಓಣಿ ಹೆಣ್ಮಕ್ಕಳಿಗೆಲ್ಲಾ ಗೊತ್ತಿತ್ತು ಯಾವುದು ಕಠಿಣ ಅಂತ. ಮಂದಿ ಓಟು ಹಾಕಿದ್ರೂ ಎಡವಟ್ಟು, ತಿಳಿದವರು ಕೂತ್ರೂ ಎಡವಟ್ಟು. ಎಡವಟ್ಟಿನ ಜಾತಿ ಅಷ್ಟ ಬ್ಯಾರೆ.

ಹ್ಯೂಗೋದ ಎಡವಟ್ಟು ಶುರುವಿನಿಂದನ ಅದ. 1955 ರಾಗ ಮಾರ್ಕ್ ಕ್ಲಿಫ್ಟನ್ ಮತ್ತ ಫ್ರ್ಯಾಂಕ್ ರೈಲಿ ಬರದ 'ದೇ'ಡ್ ರಾದರ್ ಬಿ ರೈಟ್' ಅನ್ನೋ ಕಾದಂಬರಿಗೆ ಬಂತು. ಹ್ಯೂಗೋ ಬಂದ ಪುಸ್ತಕಗೋಳೊಳಗ ಎಲ್ಲಕ್ಕಿಂತ ಸಪ್ಪಂದು ಯಾವುದು ಅಂತ ಕೇಳಿದ್ರ ಮಂದಿ ಇವತ್ತಿಗೂ ಅದರ ಹೆಸರ ಹೇಳ್ತಾರಂತ. ಓದೋರಿಲ್ಲ, ಬಯ್ಯೋರು ಇದ್ದಾರ.

ಈಗ ಇನ್ನೊಂದು ಪುಸ್ತಕ ಕೇಳ್ರಿ. ನಾ ಆರು ತಿಂಗಳು ತಗೊಂಡು ಪೂರ್ತಿ ಓದಿದ ಇಂಗ್ಲೀಷ್ ಕಾದಂಬರಿ ಇದೊಂದ. ಆಕ್ಟೇವಿಯಾ ಬಟ್ಲರ್ ಅಂತ ಅಮೇರಿಕಾದ ಕರಿಯ ಲೇಖಕಿ 1979 ರಾಗ ಬರದ 'ಕಿಂಡ್ರೆಡ್'. 1976 ರ ಕ್ಯಾಲಿಫೋರ್ನಿಯಾದಾಗ ಡಾನಾ ಅನ್ನೋ ಹುಡುಗಿ ಹೊಸಾ ಮನಿಗೆ ಬಂದು ಪುಸ್ತಕಾ ಜೋಡಸ್ಕೋತ ಇರ್ತಾಳ. ಒಮ್ಮಿಂದೊಮ್ಮೆಲೆ ತಲಿ ತಿರುಗಿ, ಗುಲಾಮರ ಕಾಲದ ಮೇರಿಲ್ಯಾಂಡಿಗೆ ಹೋಗಿ ಬೀಳ್ತಾಳ. ಕಾಲದಾಗ ಹಿಂದ ಹೋಗೋ ಯಂತ್ರ ಗಿಂತ್ರ ಏನೂ ಇಲ್ಲ. ಅಲ್ಲೊಬ್ಬ ಬಿಳೇ ಮಾಲಕನ ಮಗಾ ಇದ್ದಾನ, ಮುಂದ ಅವನ ಇಕಿ ವಂಶಕ್ಕ ಮೂಲಪುರುಷ ಆಗಾಂವ. ಅವನ ಜೀವಕ್ಕ ಕುತ್ತು ಬಂದಾಗೆಲ್ಲಾ ಇಕಿನ್ನ ಎಳೀತದ. ಅವನು ಬದುಕದಿದ್ರ ಇಕಿ ಹುಟ್ಟಂಗಿಲ್ಲ. ಎಂಥಾ ಸಿಕ್ಕು ನೋಡ್ರಿ! ಮತ್ತ ಯಾವಾಗ ಎಳೀತದೋ ಅಂತ ಡಾನಾ ಒಂದು ಚೀಲದಾಗ ಚೂರಿ, ಸಾಬಾಣ, ತಲಿನೋವಿನ ಗುಳಗಿ ತುಂಬಿ ಮೈಗೆ ಕಟ್ಕೊಂಡು ತಿರುಗ್ತಾಳ. ಆ ಚೀಲದ ವಿಚಾರ ಓದಿದಾಗ ನಂಗ ಇದು ಹೆಣ್ಮಗಳು ಬರದದ್ದು ಅಂತ ಹೆಸರು ನೋಡದ ಗೊತ್ತಾಗ್ತಿತ್ತು.

ಅದ್ರಾಗ ಸಾರಾ ಅಂತ ಅಡಗಿ ಮಾಡೋಾಕಿ ಒಬ್ಬಾಕಿ ಬರ್ತಾಳ. ಆಕಿ ಮೂರು ಮಕ್ಕಳನ್ನ ಮಾಲಕರು ಮಾರಿಬಿಟ್ಟಾರ. ಉಳದಾಕಿ ಒಬ್ಬಾಕಿ, ಮಾತು ಬರಂಗಿಲ್ಲ. ಆ ಮಾಲಕರಿಗೇ ಸಾರಾ ದಿನಾ ಅಡಗಿ ಮಾಡಿ ಬಡಿಸಬೇಕು. ನಾನು ಆ ಪುಟ ಓದಿ ಪುಸ್ತಕ ಮುಚ್ಚಿ, ಒಲಿ ಮುಂದ ಸುಮ್ಮನ ನಿಂತುಬಿಟ್ಟೆ. ಸಾರು ಉಕ್ಕಿ ಕಟ್ಟಿ ಮ್ಯಾಲೆ ಚೆಲ್ಲಿದ್ದೂ ಗೊತ್ತಾಗಲಿಲ್ಲ.

ಇಂಥಾ ಪುಸ್ತಕಕ್ಕ ಹ್ಯೂಗೋ ಬಂತೇನು? ಇಲ್ಲ. ಕೊನೆಯ ಪಟ್ಟಿಯೊಳಗೂ ಇರಲಿಲ್ಲ. ಲೇಖಕರೇ ಕೂಡಿ ಕೊಡೋ ನೆಬ್ಯುಲಾ ಅಂತ ಇನ್ನೊಂದದ, ಅದರ ಪಟ್ಟಿಯೊಳಗೂ ಇಲ್ಲ. ಆ ಸಲ ಎರಡೂ ಹೋಗಿದ್ದು ಆರ್ಥರ್ ಸಿ. ಕ್ಲಾರ್ಕ್ ಅವರ 'ದ ಫೌಂಟನ್ಸ್ ಆಫ್ ಪ್ಯಾರಡೈಸ್' ಪುಸ್ತಕಕ್ಕ. ಭೂಮಿಯಿಂದ ಆಕಾಶಕ್ಕ ಲಿಫ್ಟ್ ಕಟ್ಟೋ ಕತಿ. ಅದು ಕೆಟ್ಟದ್ದು ಅಂತ ನಾ ಅನ್ನಂಗಿಲ್ಲ, ಓದಿಲ್ಲ. ಮಗಳು ಛಲೋ ಅದ ಅಂತಾಳ. ಆದ್ರ ಇವತ್ತು ಅಮೇರಿಕಾದ ಕಾಲೇಜಿನಾಗ ಪಾಠಕ್ಕ ಇಡೋದು 'ಕಿಂಡ್ರೆಡ್'. ನಾಟಕದಂಗ, ಚಿತ್ರದ ಪುಸ್ತಕದಂಗ, ಟಿವಿಯೊಳಗ ಎಲ್ಲಾ ಬಂದದ್ದು 'ಕಿಂಡ್ರೆಡ್'. ಬಟ್ಲರ್ ಅವರಿಗೆ ಮುಂದ ಸಣ್ಣ ಕತಿಗೋಳಿಗೆ ಹ್ಯೂಗೋ ಬಂತು, ಒಂದು ಕಾದಂಬರಿಗೆ ನೆಬ್ಯುಲಾನೂ ಬಂತು. ಕಾದಂಬರಿಗೆ ಅಂತ ಹ್ಯೂಗೋ ಬರಲೇ ಇಲ್ಲ, 2006 ರಾಗ ತೀರ್ಕೊಂಡ್ರು.

ಯಾಕ ಹಿಂಗಾತು ಅಂದ್ರ, ಓಟು ಹಾಕೋರು ಯಾರು ಅಂತ ನೋಡ್ರಿ. 1953 ರಾಗ ಶುರು ಆದ ಪ್ರಶಸ್ತಿ. ಕಾದಂಬರಿಗೆ ಹ್ಯೂಗೋ ಗೆದ್ದ ಮೊದಲನೇ ಹೆಣ್ಮಗಳು ಅರ್ಸುಲಾ ಲೆ ಗ್ವಿನ್, 1970 ರಾಗ. ಮೊದಲನೇ ಕರಿಯ ಲೇಖಕಿ ಎನ್. ಕೆ. ಜೆಮಿಸಿನ್, 2016 ರಾಗ. ಲೇಖಕಿ ಅಷ್ಟ ಅಲ್ಲ, ಕರಿಯ ಗಂಡಸರಿಗೂ ಕಾದಂಬರಿಗೆ ಅಂತ ಅಲ್ಲಿತನಕ ಬಂದಿರಲಿಲ್ಲ. ಜೆಮಿಸಿನ್ ಮುಂದ 2017, 2018 ಕ್ಕೂ ಗೆದ್ದು ಮೂರು ವರ್ಷ ಸಾಲಾಗಿ ತಗೊಂಡ್ಲು, ಅದನ್ನ ಮೊದಲು ಯಾರೂ ಮಾಡಿರಲಿಲ್ಲ. ಅರವತ್ತು ಚಿಲ್ಲರೆ ವರ್ಷ ಅವರ್ಯಾರೂ ಛಲೋ ಬರೀತಿರಲಿಲ್ಲ, 2016 ರಾಗ ಒಮ್ಮೆಲೆ ಬರೀಲಿಕ್ಕೆ ಕಲತ್ರು ಅಂತ ಯಾರರ ನಂಬ್ತಾರೇನು? ಓದೋರು ಬದಲಾದ್ರು, ಓಟು ಹಾಕೋರು ಬದಲಾದ್ರು, ಅಷ್ಟ.

ಆ ಬದಲಾವಣಿ ಎಲ್ಲಾರಿಗೂ ಸೇರಲಿಲ್ಲ. 'ಸ್ಯಾಡ್ ಪಪ್ಪೀಸ್' ಅಂತ ಒಂದು ಗುಂಪು, ಅಂದ್ರ ದುಃಖದ ನಾಯಿಮರಿಗೋಳು, ಹೆಸರು ಕೇಳಿ ನಕ್ಕುಬಿಟ್ಟೆ. "ಈಗ ಪ್ರಶಸ್ತಿ ಎಲ್ಲಾ ಉಪದೇಶದ ಕತಿಗೆ ಹೋಗ್ತಾವ, ಸಾಹಸದ ಕತಿ ಯಾರೂ ಕೇಳಂಗಿಲ್ಲ" ಅನ್ನೋದು ಅವರ ತಕರಾರು. ತಕರಾರು ಇರೋದು ತಪ್ಪಲ್ಲ. ಆದ್ರ ಅವರು, ಅವರಿಗಿಂತ ಕಟುವಾದ ಇನ್ನೊಂದು ಗುಂಪಿನವರು 2015 ರಾಗ "ಇವಕ್ಕ ಹಾಕ್ರಿ" ಅಂತ ಪಟ್ಟಿ ಹಂಚಿದ್ರು. ನಮ್ಮ ಓಣಿ ಟೆಂಪೋದಂಗ! ಕೆಲವು ವಿಭಾಗದಾಗ ಕೊನೆಯ ಪಟ್ಟಿ ತುಂಬ ಅವರು ಹೇಳಿದ್ದ ಬಂತು. ಹ್ಯೂಗೋದಾಗ "ಯಾರಿಗೂ ಬ್ಯಾಡ" ಅಂತನೂ ಓಟು ಹಾಕಬಹುದು. ನಮ್ಮಲ್ಲಿ ನೋಟಾ ಅದಲ್ಲ, ಹಂಗ. ನಮ್ಮ ನೋಟಾಕ್ಕ ಎಷ್ಟು ಓಟು ಬಿದ್ರೂ ಯಾರೋ ಒಬ್ಬಾಂವ ಗೆದ್ದ ಗೆಲ್ತಾನ. ಅಲ್ಲೆ ಹಂಗಲ್ಲ, "ಬ್ಯಾಡ" ಗೆದ್ರ ಆ ವರ್ಷ ಯಾರಿಗೂ ಇಲ್ಲ. ಉಳದ ಓದುಗರು ಸಿಟ್ಟಿಗೆದ್ದು ಐದು ವಿಭಾಗದಾಗ "ಬ್ಯಾಡ" ಅನ್ನೋದನ್ನ ಗೆಲ್ಲಿಸಿದ್ರು. ಒಟ್ಟು 5,950 ಓಟು ಬಿದ್ದಿದ್ದು. ಇದ್ರಾಗ ಪುಸ್ತಕ ಎಲ್ಲೆ ಉಳೀತು ಹೇಳ್ರಿ. ಗುಂಪಿನ ಪಟ್ಟಿಯೊಳಗ ಇದ್ದದ್ದಕ್ಕ ಛಲೋ ಇದ್ರೂ ಹೊಡತ ಬಿದ್ದಿರಬಹುದು.

ಆದ್ರ ಅದ ವರ್ಷದ್ದ ಒಂದು ಮಾತು ನಂಗ ಭಾಳ ಸೇರ್ತು. ಮಾರ್ಕೊ ಕ್ಲೂಸ್ ಅನ್ನೋ ಲೇಖಕನ ಕಾದಂಬರಿ ಆ ಗುಂಪಿನ ಪಟ್ಟಿಯಿಂದ ಕೊನೆಯ ಐದರಾಗ ಬಂದಿತ್ತು. ಹಿಂಗ ಬಂದ ಜಾಗಾ ನಂಗ ಬ್ಯಾಡ ಅಂತ ಅವನು ತನ್ನ ಪುಸ್ತಕ ತಾನ ಹಿಂದಕ್ಕ ತಗೊಂಡ. ಖಾಲಿಯಾದ ಆ ಜಾಗಾದಾಗ ಒಂದು ಚೀನೀ ಪುಸ್ತಕ ಬಂದು ಕೂತಿತು. ಲ್ಯೂ ಸಿಶಿನ್ ಬರದದ್ದು, ಕೆನ್ ಲ್ಯೂ ಇಂಗ್ಲೀಷಿಗೆ ತಂದದ್ದು, 'ದ ಥ್ರೀ-ಬಾಡಿ ಪ್ರಾಬ್ಲಮ್'. ಕಡೀಕ ಅದ ಗೆದ್ದಿತು! ಅನುವಾದದ ಕಾದಂಬರಿಗೆ ಹ್ಯೂಗೋ ಬಂದದ್ದು ಅದ ಮೊದಲು. ನಾವು ನೆಟ್‌ಫ್ಲಿಕ್ಸಿನಾಗ ಕೂತು ನೋಡಿದ್ವೆಲ್ಲ, ಶುರುವಿಗೆ ಚೀನಾದ ಸಾಂಸ್ಕೃತಿಕ ಕ್ರಾಂತಿಯೊಳಗ ಅಪ್ಪನ್ನ ಮಗಳ ಕಣ್ಣ ಮುಂದ ಹೊಡದು ಕೊಲ್ತಾರ, ಅದ ಕತಿ. ಕ್ಲೂಸ್ ಸುಮ್ಮನ ಕೂತಿದ್ರ ಅದು ಪಟ್ಟಿಯೊಳಗ ಇರ್ತಿರಲಿಲ್ಲ. ಪುಸ್ತಕದೊಳಗ ಒಂದು ಅಕ್ಷರ ಹೆಚ್ಚು ಕಡಿಮಿ ಆಗಿದ್ದಿಲ್ಲ. ಒಬ್ಬ ಮನಷ್ಯಾನ ಮರ್ಯಾದಿಯಿಂದ ಅದರ ದೈವ ತಿರುಗಿತು.

ಆಮ್ಯಾಲೆ ನಾಮಿನೇಷನ್ ಎಣಿಸೋ ನಿಯಮ ಬದಲು ಮಾಡಿದ್ರು, 2017 ರಿಂದ ಜಾರಿಗೆ ಬಂತು. ಇನ್ನ ಎಲ್ಲಾ ಸರಿ ಹೋತು ಅನ್ನೋದ್ರಾಗ 2023 ಬಂತು. ಆ ವರ್ಷ ಜಾತ್ರಿ ಚೀನಾದ ಚೆಂಗ್ಡೂದಾಗ. ಆರ್. ಎಫ್. ಕ್ವಾಂಗ್ ಅನ್ನೋ ಹುಡುಗಿ ಬರದ 'ಬೇಬೆಲ್' ಪುಸ್ತಕಕ್ಕ ಆಗಲೇ ನೆಬ್ಯುಲಾ ಬಂದಿತ್ತು. ಒಂದು ಮಾತು ಒಂದು ಭಾಷಾದಿಂದ ಇನ್ನೊಂದಕ್ಕ ಹೋಗುವಾಗ ಏನು ಕಳೀತದೋ, ಅದ ಶಕ್ತಿ ಆಗಿ ಮಂತ್ರದಂಗ ಕೆಲಸ ಮಾಡ್ತದ ಅನ್ನೋದು ಆ ಕತಿ. ("ಉಪವಾಸ", "ಮುಸುರಿ", "ಮಡಿ" ಇವನ್ನ ಇಂಗ್ಲೀಷಿಗೆ ಹಾಕಿ ನೋಡ್ರಿ, ಒಂದು ಊರಿಗೆ ಕರೆಂಟ್ ಬರೋವಷ್ಟು ಶಕ್ತಿ ಹುಟ್ಟೀತು.) ಹ್ಯೂಗೋ ಪಟ್ಟಿಯೊಳಗ ಅದರ ಹೆಸರ ಇರಲಿಲ್ಲ. ಜನವರಿ 2024 ಕ್ಕ ಎಣಿಕಿ ಹೊರಗ ಬಿಟ್ಟಾಗ ನೋಡಿದ್ರ, ಬೇಕಾದಷ್ಟು ಓಟು ಬಿದ್ದಾವ, ಮುಂದ "ಅರ್ಹ ಇಲ್ಲ" ಅಂತ ಬರದಾರ. ಕಾರಣ ಇಲ್ಲ. ಫೆಬ್ರುವರಿಯೊಳಗ ಒಳಗಿನ ಇಮೇಲ್ ಹೊರಬಿದ್ದುವು. ಯಾವ ಲೇಖಕರು ಚೀನಾದ ಬಗ್ಗೆ ಏನು ಬರದಾರ, ಏನು ಮಾತಾಡ್ಯಾರ ಅಂತ ಆಡಳಿತದವರು ಕೂತು ಹುಡುಕಿ ಟಿಪ್ಪಣಿ ಮಾಡಿದ್ರಂತ. ಇಲ್ಲೆ ಓದುಗರ ತಪ್ಪೂ ಅಲ್ಲ. ಚೀಟಿ ಎಣಿಸೋರ ಕೈಯಾಗ ಎಡವಟ್ಟಾತು.

ನೆಬ್ಯುಲಾದಾಗ ಬರೆಯೋರೇ ಓಟು ಹಾಕ್ತಾರ, ಹಂಗಾರ ಅದು ಶುದ್ಧ ಇರ್ತದೇನು ಅಂತ ಕೇಳಿದೆ. ಮಗಳು ಲೆ ಗ್ವಿನ್ ಕತಿ ಹೇಳಿದ್ಲು. ಆ ಲೇಖಕರ ಸಂಘದವರು ಸ್ಟಾನಿಸ್ಲಾವ್ ಲೆಮ್ ಅನ್ನೋ ಪೋಲೆಂಡಿನ ದೊಡ್ಡ ಲೇಖಕಗ ಗೌರವ ಸದಸ್ಯತ್ವ ಕೊಟ್ಟು, ಅಂವ ಅಮೇರಿಕಾದ ಕತಿಗೋಳನ್ನ ಟೀಕಿಸಿದ ಮ್ಯಾಲೆ ವಾಪಸ್ ತಗೊಂಡಿದ್ರು. ಅದ್ರ ಮುಂದಿನ ವರ್ಷ, 1977 ರಾಗ, ಲೆ ಗ್ವಿನ್ ತನಗ ಬಂದ ನೆಬ್ಯುಲಾ ಬ್ಯಾಡ ಅಂದುಬಿಟ್ಲು. ಕರದು ಉಣ್ಣಲಿಕ್ಕೆ ಕೂಡಿಸಿ ನಡು ಊಟದಾಗ ಎಬ್ಬಿಸಿದಂಗ ಆತಲ್ಲ ಅದು. ಆ ಪಂಕ್ತಿಯೊಳಗ ಆಕಿ ಕೂಡಲಿಲ್ಲ.

ಇನ್ನ ಜಡ್ಜುಗಳು ಕೂತು ಕೊಡೋದೂ ಒಂದದ, ಇಂಗ್ಲೆಂಡಿನ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ. 1987 ರಾಗ ಮೊದಲನೇದು ಮಾರ್ಗರೆಟ್ ಅಟ್ವುಡ್ ಅವರ 'ದ ಹ್ಯಾಂಡ್‌ಮೇಡ್ಸ್ ಟೇಲ್' ಪುಸ್ತಕಕ್ಕ ಕೊಟ್ರು. ಇದರ ರೊಕ್ಕದ ಲೆಕ್ಕ ಮಜಾ ಅದ, ಇಸವಿ ಎಷ್ಟೋ ಅಷ್ಟು ಪೌಂಡು. 2024 ಕ್ಕ 2,024 ಪೌಂಡು. ವರ್ಷಕ್ಕ ಒಂದು ಪೌಂಡು ಇನ್‌ಕ್ರಿಮೆಂಟು, ನಮ್ಮ ಮನಿಯವರು ಕೇಳಿ "ನನ್ನ ಪೆನ್ಷನ್ನಿಗಿಂತ ಅಡ್ಡಿಯಿಲ್ಲ" ಅಂದ್ರು. 2024 ರ ಕೊನೆಯ ಆರರಾಗ ಲಾವಣ್ಯ ಲಕ್ಷ್ಮೀನಾರಾಯಣ ಅವರ 'ದ ಟೆನ್ ಪರ್ಸೆಂಟ್ ಥೀಫ್' ಇತ್ತು. ಅದ್ರಾಗಿನ ಊರು ಯಾವುದು ಗೊತ್ತೇನು? ಬೆಂಗಳೂರ! ಮುಂದಿನ ಕಾಲದಾಗ ಅದಕ್ಕ 'ಏಪೆಕ್ಸ್ ಸಿಟಿ' ಅಂತ ಹೆಸರು. ಚೂಟಿ ಇದ್ದವರಿಗೆ ಎಲ್ಲಾ ಸವಲತ್ತು, ಕಡಿಮಿ ಬಿದ್ದವರನ್ನ ಹೊರಗ ಹಾಕ್ತಾರ. ಗೆದ್ದದ್ದು ಬ್ಯಾರೆ ಪುಸ್ತಕ, ಮಾರ್ಟಿನ್ ಮ್ಯಾಕಿನ್ನೆಸ್ ಅವರ 'ಇನ್ ಅಸೆನ್ಷನ್'. ಆದ್ರ ಆ ಪಟ್ಟಿ ನೋಡೇ ನಮ್ಮ ಮಗಳು ಬೆಂಗಳೂರಿನ ಪುಸ್ತಕ ಕೊಂಡಿದ್ದು. ಅದಕ್ಕ ನಾ ಅಂತೀನಿ, ಗೆದ್ದದ್ದೊಂದ ನೋಡಬ್ಯಾಡ್ರಿ, ಪಟ್ಟಿ ಪೂರ್ತಿ ನೋಡ್ರಿ. ಸಂತ್ಯಾಗ ಒಂದ ಬುಟ್ಟಿ ನೋಡಿ ಬದನಿಕಾಯಿ ತಗೋತೀರೇನು?

ಇಷ್ಟೆಲ್ಲಾ ಹೇಳಿ ಪ್ರಶಸ್ತಿನ ಬ್ಯಾಡ ಅನ್ನೋಾಕಿ ನಾ ಅಲ್ಲ. 1966 ರಾಗ 'ಡ್ಯೂನ್'ಗೆ ಹ್ಯೂಗೋ ಬಂತು, ಇವತ್ತಿಗೂ ಮಂದಿ ಮುಗಿಬಿದ್ದು ಓದ್ತಾರ. ಲೆ ಗ್ವಿನ್ ಅವರ 'ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಹ್ಯೂಗೋ, ನೆಬ್ಯುಲಾ ಎರಡೂ ತಗೊಂಡಿತು, ಅದೂ ಅಷ್ಟ. ಒಮ್ಮೊಮ್ಮೆ ಸರಿಯಾದ ಮನಿಗೇ ಅಕ್ಷತಿ ಬೀಳ್ತದ. ಮತ್ತ ಪ್ರಶಸ್ತಿ ಬಾಗಿಲು ಬಡೀತದ, ಅದೂ ಸಣ್ಣದಲ್ಲ. 2025 ರಾಗ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವು ಎಷ್ಟು ಮಂದಿ ಓಡಿ ಹೋಗಿ ಅವರ ಪುಸ್ತಕ ಹುಡುಕಿದ್ವಿ ನೆನಪದ ಏನು? ಆ ಕತಿಗೋಳು ಮೂವತ್ತು ವರ್ಷದಿಂದ ನಮ್ಮ ಕನ್ನಡದಾಗ, ನಮ್ಮ ಕೈಗೆ ಸಿಗೋವಂಗ ಇದ್ದುವು. ಬೂಕರ್ ಬಂದದ್ದಕ್ಕ ಅವು ಛಲೋ ಆಗಲಿಲ್ಲ. ನಮಗ ಅಷ್ಟು ದಿನ ಬಾಗಿಲು ಬಡದದ್ದು ಕೇಳಿಸಿರಲಿಲ್ಲ. ನಾಚಿಕಿ ನಮ್ಮದು.

ಮಗಳು ಮಾಡೋ ತಪ್ಪು ಇಲ್ಲೇ ಅದ ಅಂತ ನಂಗ ಅನ್ನಿಸ್ತದ. ಪ್ರಶಸ್ತಿ ನೋಡಿ ಓದು, ಬ್ಯಾಡ ಅಂದವರ್ಯಾರು. ಪ್ರಶಸ್ತಿ ನೋಡಿ ಬರದ್ರ, ನಿನ್ನ ಕತಿಯೊಳಗ ಕೂತಿರೋರು ನೀ ನೋಡಿದ ಮಂದಿ ಅಲ್ಲ, ಯಾವುದೋ ಊರಾಗ ಹೋದ ವರ್ಷ ಓಟು ಹಾಕಿದ ಮಂದಿ. ಅವರು ಮುಂದಿನ ವರ್ಷ ಬದಲಾಗ್ತಾರ. ಬಟ್ಲರ್ ಆ ವರ್ಷದ ಓಟು ನೋಡಿ ಬರದಿದ್ರ ಸಾರಾ ಇರ್ತಿರಲಿಲ್ಲ, ಲಿಫ್ಟ್ ಇರ್ತಿತ್ತು.

ಇದನ್ನೆಲ್ಲಾ ಮಗಳಿಗೆ ಹೇಳಿದೆ. "ಅಮ್ಮಾ, ನಿಂಗ ಅಜ್ಜಿ ಮ್ಯಾಲೆ ಪ್ರೀತಿ, ಅದಕ್ಕ ಹೇಳ್ತಿ" ಅಂದ್ಲು. ಪ್ರೀತಿ ಇರೋದು ಖರೇ. ಆದ್ರ ಅದೂ ಇದೂ ಮಾತಾಡ್ಕೋತ ಆಕಿನ ಬಾಯಿ ಬಿಟ್ಲು. 2023 ರಾಗ, ಅಷ್ಟು ಗದ್ದಲ ಆದ ಅದ ವರ್ಷ, ಕಾದಂಬರಿಗೆ ಹ್ಯೂಗೋ ಬಂದದ್ದು ಟಿ. ಕಿಂಗ್‌ಫಿಶರ್ ಅವರ 'ನೆಟಲ್ ಅಂಡ್ ಬೋನ್' ಪುಸ್ತಕಕ್ಕ. ಪಾಪ, ಆ ಲೇಖಕಿ ತಪ್ಪೇನೂ ಇಲ್ಲದ ಆ ವರ್ಷದ ಮಸಿ ಆಕಿ ರಾಕೆಟ್ಟಿಗೂ ಹತ್ತಿತು. ಅದ್ರಾಗ ಅಕ್ಕನ್ನ ಗಂಡನ ಕಾಟದಿಂದ ಬಿಡಸ್ಲಿಕ್ಕೆ ಮೂವತ್ತು ವರ್ಷದ ತಂಗಿ ಹೊಂಟಿರ್ತಾಳ, ಗೋರಿ ಕಾಯೋ ಒಬ್ಬಾಕಿ ಮುದುಕಿ ಕೂಡ ಬರ್ತಾಳ. ಮುದುಕಿ ಕಡೆ ದೆವ್ವ ಹೊಕ್ಕ ಒಂದು ಕೋಳಿ.

"ಅಂದ್ರ ಅವರ ಕತಿಯೊಳಗ ಮುದುಕಿನೂ ಇದ್ದಾಳ, ಕೋಳಿನೂ ಅದ. ನಿನ್ನ ಕತಿಯೊಳಗ ಒಂದು ಹಿತ್ತಾಳಿ ಡಬ್ಬಿಗೆ ಜಾಗಾ ಇಲ್ಲೇನು?" ಅಂದೆ.

"ಅದು ಫ್ಯಾಂಟಸಿ ಅಮ್ಮಾ, ನಂದು ಸೈನ್ಸ್ ಫಿಕ್ಷನ್" ಅಂದ್ಲು. ಆದ್ರ ನಕ್ಲು. ಭಾಳ ದಿನಕ್ಕ ನಕ್ಲು.

ಬೆಂಗಳೂರಿಗೆ ಹೋಗೋ ದಿನ ದೇವರ ಮನಿಗೆ ಹೋಗಿ ಆ ಡಬ್ಬಿದ ಒಂದು ಫೋಟೋ ಹೊಡ್ಕೊಂಡು ಹೋಗ್ಯಾಳ. ಯಾಕ ಅಂತ ನಾ ಕೇಳಲಿಲ್ಲ.